ಎರಡನೆಯ ಮುಳ್ಳು

ಮೈಸೂರಿನ ಯಾವುದಾದರೂ ಮನೆಯ ಮುಂದೆ ಹೊಸ ಮೋಟಾರ್ ಸೈಕಲ್ಲು ಬಂದು ನಿಂತ ದಿನ, ಆರತಿ, ನಿಂಬೆಹಣ್ಣು ಎಲ್ಲ ಮುಗಿದ ಮೇಲೆ, ಒಂದು ಕಾಲದಲ್ಲಿ ಜಾವಾ ಓಡಿಸಿದ ಅಪ್ಪ ಬಗ್ಗಿ ಮೀಟರುಗಳ ಕಡೆ ನೋಡುತ್ತಾರೆ. "ಇದು ಸ್ಪೀಡು, ಸರಿ. ಪಕ್ಕದಲ್ಲಿ ಇನ್ನೊಂದು ಮುಳ್ಳು ಯಾಕೋ?" ಎನ್ನುತ್ತಾರೆ. "ಅದು ಆರ್‌ಪಿಎಂ ಅಪ್ಪಾ." "ಅದನ್ನ ನೋಡಿ ನೀನೇನು ಮಾಡ್ತೀಯ?" ಮಗನ ಹತ್ತಿರ ಉತ್ತರವಿಲ್ಲ. "ಈಗಿನ ಗಾಡಿಗಳಲ್ಲಿ ಇರುತ್ತೆ" ಎಂದು ಸುಮ್ಮನಾಗುತ್ತಾನೆ. ಅಪ್ಪನೂ ಅಲ್ಲಿಗೆ ಬಿಡುತ್ತಾರೆ. ಇವತ್ತಿನ ಮಾತು ಆ ಮಗ ಕೊಡದೆ ಬಿಟ್ಟ ಉತ್ತರದ ಬಗ್ಗೆ.

ಅಪ್ಪನ ಪ್ರಶ್ನೆಯಲ್ಲಿ ತಿರಸ್ಕಾರಕ್ಕಿಂತ ಹೆಚ್ಚಾಗಿ ಅನುಭವವಿದೆ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾದ ಮೇಲೆ, 1996ರಲ್ಲಿ ಅದರ ಬಾಗಿಲು ಮುಚ್ಚುವವರೆಗೆ, ಮೊದಲು ಜಾವಾ ಆಮೇಲೆ ಯೆಜ್ಡಿ ಎಂಬ ಹೆಸರಿನ ಗಾಡಿಗಳ ಮೇಲೆ ಎರಡು ತಲೆಮಾರು ಓಡಾಡಿತು. ಹಳೆಯ ಜಾವಾದಲ್ಲಿ ಹೆಡ್‌ಲೈಟಿನ ನೆತ್ತಿಯ ಮೇಲೆ ಕೂಡಿಸಿದ ಒಂದೇ ಒಂದು ಮೀಟರು. ಬುಲೆಟ್ಟಿನಲ್ಲಿ ಸ್ಪೀಡೋಮೀಟರಿನ ಜೊತೆಗೆ ಬ್ಯಾಟರಿಗೆ ಕರೆಂಟು ಹೋಗುತ್ತಿದೆಯೇ ಎಂದು ತೋರಿಸುವ ಪುಟ್ಟ ಆಮ್ಮೀಟರು ಇತ್ತು. ಎಂಜಿನ್ನು ಎಷ್ಟು ಸುತ್ತು ಸುತ್ತುತ್ತಿದೆ ಎಂದು ಹೇಳುವ ಸಾಧನ ಇರಲಿಲ್ಲ. ಆ ಗಾಡಿಗಳ ಮೇಲೆ ಜನ ಆಗುಂಬೆ ಹತ್ತಿದರು, ಚಾರ್ಮಾಡಿ ಇಳಿದರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಜಾತ್ರೆಗೆ ಹೋಗಿಬಂದರು. ಎಂಜಿನ್ನಿನ ಸುತ್ತು ಲೆಕ್ಕ ಹಾಕದಿದ್ದರಿಂದ ಅವರಿಗೆ ಏನೂ ಕಡಿಮೆಯಾದಂತೆ ಕಾಣುವುದಿಲ್ಲ.

ಟ್ಯಾಕೋಮೀಟರು ಎಂದರೆ ಇಷ್ಟೆ: ಎಂಜಿನ್ನಿನ ಕ್ರ್ಯಾಂಕ್ ಶಾಫ್ಟು ಒಂದು ನಿಮಿಷಕ್ಕೆ ಎಷ್ಟು ಸಲ ತಿರುಗುತ್ತಿದೆ ಎಂಬುದನ್ನು ತೋರಿಸುವ ಯಂತ್ರ. ಗ್ರೀಕ್ ಭಾಷೆಯಲ್ಲಿ 'ಟ್ಯಾಕೋಸ್' ಎಂದರೆ ವೇಗ. ಹೆಸರಿಗೆ ಇದೂ ವೇಗಮಾಪಕವೇ, ಆದರೆ ಗಾಡಿಯ ವೇಗವನ್ನಲ್ಲ, ಎಂಜಿನ್ನಿನ ವೇಗವನ್ನು ಅಳೆಯುವಂಥದ್ದು. ಗಾಡಿ ಸಿಗ್ನಲ್ಲಿನಲ್ಲಿ ನಿಂತಿರುವಾಗಲೂ ಇದರ ಮುಳ್ಳು ಸಾವಿರದ ಆಸುಪಾಸಿನಲ್ಲಿ ನಡುಗುತ್ತಿರುತ್ತದೆ.

ಇದು ಹುಟ್ಟಿದ್ದು ಮೋಟಾರ್ ಸೈಕಲ್ಲಿಗಾಗಿ ಅಲ್ಲ, ಮಿಲ್ಲುಗಳಿಗಾಗಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಒಂದೇ ಚಾಲಕ ಯಂತ್ರದಿಂದ ಹತ್ತಾರು ಯಂತ್ರಗಳು ನಡೆಯುತ್ತಿದ್ದವು. ಆ ಮೂಲಯಂತ್ರ ತುಸು ಹೆಚ್ಚು ವೇಗವಾಗಿ ಓಡಿದರೆ ನೂಲು ಹರಿಯುತ್ತಿತ್ತು, ನಿಧಾನವಾದರೆ ಕೆಲಸ ಕೆಡುತ್ತಿತ್ತು. ಬ್ರಯಾನ್ ಡಾಂಕಿನ್ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಹುಡುಕಿದ. ಒಂದು ಬಟ್ಟಲಿನಲ್ಲಿ ಪಾದರಸ ಹಾಕಿ, ಬಟ್ಟಲನ್ನು ಯಂತ್ರದಿಂದ ಗಿರಗಿರನೆ ತಿರುಗಿಸುವುದು. ಮಜ್ಜಿಗೆ ಕಡೆಯುವಾಗ ನೋಡಿದ್ದೀರಿ, ನಡುವೆ ತಗ್ಗಾಗಿ ಅಂಚಿನಲ್ಲಿ ಏರುತ್ತದಲ್ಲ, ಹಾಗೆಯೇ ಪಾದರಸದ ನಡುವೆಯೂ ಕುಳಿ ಬೀಳುತ್ತದೆ. ವೇಗ ಹೆಚ್ಚಿದಷ್ಟೂ ಕುಳಿ ಆಳ. ಆ ಕುಳಿಯೊಳಕ್ಕೆ ಇಳಿಬಿಟ್ಟ ಗಾಜಿನ ಕೊಳವೆಯಲ್ಲಿನ ಬಣ್ಣದ ದ್ರವ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಪಕ್ಕದ ಗೆರೆಗಳಲ್ಲಿ ವೇಗವನ್ನು ಓದಿಕೊಳ್ಳಬಹುದು. 1810ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಇದಕ್ಕೆ ಚಿನ್ನದ ಪದಕ ಕೊಟ್ಟಿತು.

ಗಾಡಿಗಳಿಗೆ ಬಂದ ಮಾದರಿ ಬೇರೆ. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಒಂದು ಕೇಬಲ್ಲಿನ ತುದಿಯಲ್ಲಿ ಅಯಸ್ಕಾಂತ ತಿರುಗುತ್ತದೆ. ಅದರ ಸುತ್ತ, ಅದಕ್ಕೆ ತಾಗದಂತೆ, ಒಂದು ಲೋಹದ ಬಟ್ಟಲು. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿವಿದ್ಯುತ್ತು ಹುಟ್ಟಿ ಅದೂ ಹಿಂದೆ ಹಿಂದೆ ತಿರುಗಲು ಹವಣಿಸುತ್ತದೆ; ಕೂದಲಿನಷ್ಟು ತೆಳುವಾದ ಸ್ಪ್ರಿಂಗು ಅದನ್ನು ತಡೆಯುತ್ತದೆ. ಈ ಜಗ್ಗಾಟದಲ್ಲಿ ಬಟ್ಟಲು ಎಷ್ಟು ಸರಿಯಿತೋ ಅಷ್ಟು ಮುಳ್ಳು ಸರಿಯುತ್ತದೆ. ಕೇಬಲ್ಲನ್ನು ಚಕ್ರಕ್ಕೆ ಜೋಡಿಸಿದರೆ ಅದು ಸ್ಪೀಡೋಮೀಟರು, ಎಂಜಿನ್ನಿಗೆ ಜೋಡಿಸಿದರೆ ಟ್ಯಾಕೋಮೀಟರು. ಅಕ್ಕಪಕ್ಕದ ಎರಡು ಡಬ್ಬಿಗಳ ಒಳಗೆ ಇದ್ದದ್ದು ಒಂದೇ ಸರಕು. ಈಗ ಕೇಬಲ್ಲೂ ಇಲ್ಲ, ಬಟ್ಟಲೂ ಇಲ್ಲ. ಕ್ರ್ಯಾಂಕಿನ ಪಕ್ಕದಲ್ಲಿ ಕೂತ ಒಂದು ಸೆನ್ಸರು ಸುತ್ತುಗಳನ್ನು ಎಣಿಸಿ ಕಳಿಸುತ್ತದೆ.

ಕಾನೂನು ಈ ಎರಡರ ನಡುವೆ ಭೇದ ಮಾಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸ್ಪೀಡೋಮೀಟರು ಕಡ್ಡಾಯ, ಟ್ಯಾಕೋಮೀಟರಿನ ಒತ್ತಾಯವಿಲ್ಲ. ಇದು ಸಹಜವೇ. ಗಾಡಿಯ ವೇಗ ರಸ್ತೆಯಲ್ಲಿರುವ ಎಲ್ಲರ ವಿಷಯ. ಎಂಜಿನ್ನಿನ ವೇಗ ಸವಾರ ಮತ್ತು ಅವನ ಗಾಡಿ, ಇವರಿಬ್ಬರ ಖಾಸಗಿ ವ್ಯವಹಾರ.

ಅಷ್ಟೇ ಅಲ್ಲ, ಕ್ಲಚ್ಚು ಬಿಟ್ಟು ಗಾಡಿ ಗೇರಿನಲ್ಲಿ ಓಡುತ್ತಿರುವಾಗ ಈ ಎರಡು ವೇಗಗಳು ಒಂದಕ್ಕೊಂದು ಕಟ್ಟಿಬಿದ್ದಿರುತ್ತವೆ. ಮೂರನೆಯ ಗೇರಿನಲ್ಲಿ ನಲವತ್ತು ಕಿಲೋಮೀಟರಿಗೆ ಎಂಜಿನ್ನು ಎಷ್ಟು ಸುತ್ತುತ್ತದೆ ಎಂಬುದು ಇವತ್ತೂ ಅಷ್ಟೆ, ನಾಳೆಯೂ ಅಷ್ಟೆ. ಹಾಗಾಗಿ ಯಾವ ಗೇರಿನಲ್ಲಿದ್ದೀರಿ ಎಂದು ಗೊತ್ತಿದ್ದರೆ ಸ್ಪೀಡೋಮೀಟರನ್ನೇ ಟ್ಯಾಕೋಮೀಟರಿನಂತೆ ಓದಿಕೊಳ್ಳಬಹುದು. 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರ್ ಗಾಡಿಯ ಮೀಟರನ್ನು ಗಮನವಿಟ್ಟು ನೋಡಿದವರಿಗೆ ನೆನಪಿರಬಹುದು: ವೇಗದ ಅಂಕಿಗಳ ಜೊತೆಯಲ್ಲೇ ಒಂದು, ಎರಡು, ಮೂರು, ನಾಲ್ಕು ಎಂದು ಗೇರುಗಳ ಸೀಮೆಯನ್ನು ಗುರುತು ಮಾಡಿರುತ್ತಾರೆ. ಅಷ್ಟರೊಳಗೆ ಮುಳ್ಳು ಇರಬೇಕು, ದಾಟಿದರೆ ಗೇರು ಬದಲಿಸಬೇಕು. ಎರಡನೆಯ ಮೀಟರಿನ ಖರ್ಚನ್ನು ನಾಲ್ಕು ಗೆರೆಗಳಲ್ಲಿ ಉಳಿಸಿದ ಜಾಣತನ ಅದು. ಅದನ್ನು ಎಷ್ಟು ಸವಾರರು ನೋಡಿ ಓಡಿಸಿದರು ಎಂಬುದು ಬೇರೆ ಮಾತು.

ಅವರು ನೋಡಲಿಲ್ಲ, ಏಕೆಂದರೆ ಕೇಳಿಸಿಕೊಂಡರು. ಇಲ್ಲಿ ಸ್ವಲ್ಪ ಸಂಗೀತಕ್ಕೆ ಹೋಗಬೇಕಾಗುತ್ತದೆ.

ಜಾವಾದ 250 ಸಿಸಿ ಎಂಜಿನ್ನು ಟೂ ಸ್ಟ್ರೋಕ್, ಒಂದೇ ಸಿಲಿಂಡರಿನದು. ಅದರಲ್ಲಿ ಪ್ರತಿ ಸುತ್ತಿಗೆ ಒಂದು ಸ್ಫೋಟ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50 ಸ್ಫೋಟ. ಸೆಕೆಂಡಿಗೆ 20ಕ್ಕಿಂತ ಹೆಚ್ಚು ಬಡಿತಗಳಾದರೆ ನಮ್ಮ ಕಿವಿ ಅವನ್ನು ಬಿಡಿಬಿಡಿಯಾಗಿ ಎಣಿಸುವುದನ್ನು ಬಿಟ್ಟು ಒಂದು ಸ್ವರವಾಗಿ ಕೇಳಲು ತೊಡಗುತ್ತದೆ. ಅಂದರೆ ಓಡುವ ಜಾವಾ ಸವಾರನ ಕಿವಿಗೆ ಒಂದು ಶ್ರುತಿಯನ್ನು ಒದಗಿಸುತ್ತಿರುತ್ತದೆ. ಸುತ್ತು 3,000ದಿಂದ 6,000ಕ್ಕೆ ಏರಿತು ಅನ್ನಿ. ಶ್ರುತಿ ಸರಿಯಾಗಿ ಇಮ್ಮಡಿಯಾಗುತ್ತದೆ, ಮಂದ್ರ ಷಡ್ಜದಿಂದ ಮಧ್ಯ ಷಡ್ಜಕ್ಕೆ ಏರಿದಂತೆ. ಗೇರು ಬದಲಿಸಿದಾಗ ಶ್ರುತಿ ಇಳಿಯುತ್ತದೆ. ಎರಡು ಗೇರುಗಳ ಅನುಪಾತದ ನಡುವಿನ ವ್ಯತ್ಯಾಸ ನಾಲ್ಕಕ್ಕೆ ಮೂರರಂತೆ ಇದ್ದರೆ ಅದು ಮಧ್ಯಮದಿಂದ ಷಡ್ಜಕ್ಕೆ ಇಳಿದ ಹಾಗೆ. ಸಂಗೀತ ಬಾರದವರ ಕಿವಿಗೂ ಈ ಏರಿಳಿತ ಗೊತ್ತಾಗುತ್ತದೆ. ಅರ್ಧ ಸ್ವರದಷ್ಟು ಏರಿದರೂ, ಅಂದರೆ ಸುತ್ತು ನೂರಕ್ಕೆ ಆರರಷ್ಟು ಹೆಚ್ಚಿದರೂ, ಗಮನವಿಟ್ಟ ಕಿವಿ ಹಿಡಿಯುತ್ತದೆ.

ಬುಲೆಟ್ಟಿನ ಕಥೆ ಬೇರೆ. ಅದು ಫೋರ್ ಸ್ಟ್ರೋಕ್. ಎರಡು ಸುತ್ತಿಗೆ ಒಂದು ಸ್ಫೋಟ. ನಿಂತಲ್ಲಿ 900 ಸುತ್ತಿನಲ್ಲಿ ಉಸಿರಾಡುತ್ತಿರುವ ಬುಲೆಟ್ಟು ಸೆಕೆಂಡಿಗೆ ಏಳೆಂಟು ಬಡಿತ ಬಡಿಯುತ್ತದೆ. ಅದು ಸ್ವರವಲ್ಲ, ಲಯ. ಜಾವಾ ತಂಬೂರಿಯಾದರೆ ಬುಲೆಟ್ಟು ಮೃದಂಗ. ಹಳೆಯ ಮೆಕ್ಯಾನಿಕ್ಕುಗಳು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತ ತಲೆ ಓರೆ ಮಾಡಿ ನಿಲ್ಲುತ್ತಿದ್ದರಲ್ಲ, ಅವರು ಕೇಳುತ್ತಿದ್ದದ್ದು ತಾಳ ತಪ್ಪುತ್ತಿದೆಯೇ ಎಂದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ವೈದ್ಯರ ಸ್ಟೆತಾಸ್ಕೋಪಿನಂತೆ ಬಳಸುವುದು ಇವತ್ತಿಗೂ ಗ್ಯಾರೇಜುಗಳಲ್ಲಿ ನಡೆದಿದೆ.

ಕಿವಿಯ ಜೊತೆಗೆ ದೇಹವೂ ಇದೆ. ಪಾದವಿಟ್ಟ ಕಡ್ಡಿಯ ಕಂಪನ, ಟ್ಯಾಂಕಿಗೆ ಒತ್ತಿದ ಮೊಣಕಾಲಿಗೆ ತಾಗುವ ನಡುಕ, ಅಂಗೈಯಲ್ಲಿ ಹಿಡಿಕೆಯ ಜುಮುಗುಟ್ಟುವಿಕೆ, ಎಲ್ಲವೂ ಒಂದೊಂದು ಸುದ್ದಿ ಕೊಡುತ್ತವೆ. ಹೆಚ್ಚು ಗೇರಿನಲ್ಲಿ ಕಡಿಮೆ ಸುತ್ತಿನಲ್ಲಿ ಚಾಮುಂಡಿ ಬೆಟ್ಟದ ಏರು ಹತ್ತಿಸಿದರೆ ಎಂಜಿನ್ನು ಕಟಕಟ ಎಂದು ಗೋಳಾಡುತ್ತದೆ. ಅದಕ್ಕೆ ಅಂಕಿ ಬೇಕಾಗಿಲ್ಲ.

ಹಾಗಾದರೆ ಈ ಮೀಟರು ಬಂದದ್ದಾದರೂ ಯಾಕೆ?

ಕಿವಿಗೆ ಒಂದು ದೌರ್ಬಲ್ಯವಿದೆ. ಸ್ವರ ಏರಿತೋ ಇಳಿಯಿತೋ ಎಂದು ಅದು ಚೆನ್ನಾಗಿ ಹೇಳುತ್ತದೆ. ಆದರೆ ಶ್ರುತಿಪೆಟ್ಟಿಗೆ ಇಲ್ಲದೆ ಇದು ಇಂಥದೇ ಶ್ರುತಿ ಎಂದು ಹೇಳಬಲ್ಲವರು ಬಹಳ ಕಡಿಮೆ. ದಿನವೂ ಓಡಿಸುವ ಗಾಡಿಯಾದರೆ ನೆನಪು ಸಹಾಯಕ್ಕೆ ಬರುತ್ತದೆ. ಹೊಸ ಗಾಡಿಯಾದರೆ ಇಲ್ಲ. ಮೇಲಾಗಿ ಗಾಳಿ. ಎಂಬತ್ತು ಕಿಲೋಮೀಟರು ದಾಟಿದ ಮೇಲೆ ಹೆಲ್ಮೆಟ್ಟಿನ ಸುತ್ತ ಗಾಳಿಯ ಭೋರ್ಗರೆತವೇ ಹೆಚ್ಚು, ಎಂಜಿನ್ನು ಅದರ ಕೆಳಗೆಲ್ಲೋ ಅಡಗಿಹೋಗುತ್ತದೆ. ಪಕ್ಕದಲ್ಲಿ ಇನ್ನೂ ಹತ್ತು ಗಾಡಿಗಳು ಅರಚುತ್ತಿದ್ದರಂತೂ ತನ್ನದು ಯಾವುದು, ಪಕ್ಕದವನದು ಯಾವುದು ಎಂದೇ ತಿಳಿಯುವುದಿಲ್ಲ. ಇಂಥ ಪರಿಸ್ಥಿತಿ ಎಲ್ಲಿರುತ್ತದೆ? ರೇಸಿನಲ್ಲಿ.

ರೇಸಿನ ಗಾಡಿಗಳಲ್ಲಿ ಇರುವ ವ್ಯವಸ್ಥೆ ನಮ್ಮ ರಸ್ತೆಯದಕ್ಕೆ ತದ್ವಿರುದ್ಧ. ಅಲ್ಲಿ ಸ್ಪೀಡೋಮೀಟರೇ ಇರುತ್ತಿರಲಿಲ್ಲ. ಗಾಡಿ ಗಂಟೆಗೆ ಎಷ್ಟು ಕಿಲೋಮೀಟರು ಓಡುತ್ತಿದೆ ಎಂಬುದು ಸವಾರನಿಗೆ ಬೇಡ. ಪಕ್ಕದವನಿಗಿಂತ ಮುಂದಿದ್ದರೆ ಸಾಕು. ಅವನ ಮುಂದೆ ಇದ್ದದ್ದು ಒಂದೇ ಮೀಟರು, ಅದು ಟ್ಯಾಕೋಮೀಟರು. ಇಂಗ್ಲೆಂಡಿನ ಮ್ಯಾಂಕ್ಸ್ ನಾರ್ಟನ್, ಮ್ಯಾಚ್‌ಲೆಸ್ ಜಿ50ಯಂಥ ಗಾಡಿಗಳಲ್ಲಿ ಸ್ಮಿತ್ಸ್ ಕಂಪನಿಯ 'ಕ್ರೋನೋಮೆಟ್ರಿಕ್' ಮೀಟರುಗಳಿದ್ದವು. ಗಡಿಯಾರದಂತೆ ಒಳಗೆ ಹಲ್ಲುಚಕ್ರಗಳಿದ್ದ ಅವು, ನಿಗದಿಯಾದ ಕ್ಷಣಕಾಲದಲ್ಲಿ ಆದ ಸುತ್ತುಗಳನ್ನು ನಿಜವಾಗಿಯೂ ಎಣಿಸಿ, ಮುಳ್ಳನ್ನು ಅಲ್ಲಿಗೆ ಒಯ್ದು ನಿಲ್ಲಿಸುತ್ತಿದ್ದವು. ಹೀಗಾಗಿ ಮುಳ್ಳು ನಯವಾಗಿ ಸರಿಯದೆ ಠಕ್ ಠಕ್ ಎಂದು ಮೆಟ್ಟಿಲು ಹತ್ತಿದಂತೆ ಹಾರುತ್ತಿತ್ತು. ನೋಡಲು ವಿಚಿತ್ರ, ಆದರೆ ಮಾತು ನಂಬಬಹುದು. ಮೆಕ್ಯಾನಿಕ್ಕುಗಳು ಇನ್ನೊಂದು ಕೆಲಸ ಮಾಡುತ್ತಿದ್ದರು: ಗೇರು ಬದಲಿಸಬೇಕಾದ ಅಂಕಿ ನೆತ್ತಿಯ ಮೇಲೆ ಬರುವಂತೆ ಇಡೀ ಮೀಟರನ್ನು ಓರೆಯಾಗಿ ತಿರುಗಿಸಿ ಕೂರಿಸುವುದು. ಆಗ ಸವಾರ ಅಂಕಿ ಓದಬೇಕಾಗಿಲ್ಲ. ಮುಳ್ಳು ನೆಟ್ಟಗೆ ನಿಂತಿತೇ, ಗೇರು ಹಾಕು.

ಇಷ್ಟೆಲ್ಲ ಏಕೆ ಬೇಕಾಗಿತ್ತು ಎಂಬುದಕ್ಕೆ 1960ರ ದಶಕದ ಜಪಾನೀ ರೇಸ್ ಗಾಡಿಗಳು ಅತ್ಯುತ್ತಮ ಉದಾಹರಣೆ. 1966 ಮತ್ತು 1967ರಲ್ಲಿ ಮೈಕ್ ಹೇಲ್‌ವುಡ್ 250 ಸಿಸಿ ವರ್ಗದ ವಿಶ್ವ ಚಾಂಪಿಯನ್ ಆದದ್ದು ಹೋಂಡಾದ ಆರು ಸಿಲಿಂಡರಿನ ಗಾಡಿಯ ಮೇಲೆ. ಜಾವಾದ ಒಂದು ಸಿಲಿಂಡರಿನಲ್ಲಿದ್ದ ಜಾಗವನ್ನು ಆರು ಪಾಲು ಮಾಡಿ, 24 ಕವಾಟಗಳನ್ನಿಟ್ಟು, ನಿಮಿಷಕ್ಕೆ ಸುಮಾರು 18,000 ಸುತ್ತು ಓಡಿಸುತ್ತಿದ್ದರು. ಸೆಕೆಂಡಿಗೆ 300 ಸುತ್ತು, 900 ಸ್ಫೋಟ. ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಸಲ ತಿರುಗಿಸುವುದೇ ದಾರಿ. ಆದರೆ ಅದಕ್ಕೆ ತೆರುವ ಬೆಲೆ ಎಂದರೆ ಶಕ್ತಿಯೆಲ್ಲ ಮೇಲ್ತುದಿಯ ಒಂದು ಕಿರಿದಾದ ಪಟ್ಟಿಯಲ್ಲಿ ಬಂದು ಕೂರುತ್ತದೆ. ಆ ಪಟ್ಟಿಯ ಕೆಳಗೆ ಎಂಜಿನ್ನಿಗೆ ಉಸಿರಿಲ್ಲ, ಮೇಲೆ ಹೋದರೆ ಒಡೆಯುತ್ತದೆ. ಪಟ್ಟಿ ಕಿರಿದಾದಷ್ಟೂ ಅದರೊಳಗೇ ಇರಲು ಹೆಚ್ಚು ಗೇರುಗಳು ಬೇಕು. ಇದು ಎಲ್ಲಿಗೆ ಹೋಗಿ ಮುಟ್ಟಿತೆಂದರೆ ಸುಜುಕಿ 1967ರಲ್ಲಿ 50 ಸಿಸಿಯ ಗಾಡಿಗೆ 14 ಗೇರು ಇಟ್ಟಿತು! ಅಂತರರಾಷ್ಟ್ರೀಯ ಸಂಸ್ಥೆಗೇ ಇದು ಅತಿಯೆನಿಸಿ, 1969ರಿಂದ ಆ ವರ್ಗಕ್ಕೆ ಒಂದೇ ಸಿಲಿಂಡರು, ಆರೇ ಗೇರು ಎಂದು ಕಟ್ಟು ಹಾಕಿತು. ಹದಿನಾಲ್ಕು ಗೇರಿನ ಗಾಡಿಯನ್ನು ಕಿವಿಯಿಂದ ಓಡಿಸು ಎಂದು ಯಾರಿಗೂ ಹೇಳುವಂತಿರಲಿಲ್ಲ.

ಮೇಲೆ ಹೋದರೆ ಒಡೆಯುತ್ತದೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟವನ್ನು ಕ್ಯಾಮ್ ತಳ್ಳಿ ತೆರೆಯುತ್ತದೆ, ಸ್ಪ್ರಿಂಗು ಎಳೆದು ಮುಚ್ಚುತ್ತದೆ. ಸುತ್ತು ಮಿತಿ ಮೀರಿದರೆ ಸ್ಪ್ರಿಂಗಿಗೆ ಮುಚ್ಚಲು ಪುರಸೊತ್ತು ಸಿಗುವುದಿಲ್ಲ. ಕವಾಟ ಇನ್ನೂ ತೆರೆದಿರುವಾಗಲೇ ಪಿಸ್ಟನ್ನು ಮೇಲೆ ಬಂದು ಅದಕ್ಕೆ ಗುದ್ದುತ್ತದೆ. ಅಲ್ಲಿಗೆ ಎಂಜಿನ್ನಿನ ಕಥೆ ಮುಗಿಯಿತು. ಇಟಲಿಯ ಡುಕಾಟಿಯಲ್ಲಿ ಫಾಬಿಯೊ ತಗ್ಲಿಯೊನಿ 1956ರಲ್ಲಿ ಸ್ಪ್ರಿಂಗನ್ನು ನಂಬದೆ, ಮುಚ್ಚುವುದಕ್ಕೂ ಇನ್ನೊಂದು ಕ್ಯಾಮ್ ಇಟ್ಟ ರೇಸ್ ಎಂಜಿನ್ನನ್ನು ಓಡಿಸಿ ತೋರಿಸಿದ್ದು ಈ ಕಾರಣಕ್ಕೆ. ಮೀಟರಿನ ಅಂಚಿನಲ್ಲಿ ಕಾಣುವ ಕೆಂಪು ಪಟ್ಟಿ ಇಂಥ ಅಪಾಯದ ಗಡಿಯ ಗುರುತು.

ಕಾರು ರೇಸುಗಳಲ್ಲಿ ಇನ್ನೊಂದು ತಮಾಷೆಯ ಮೀಟರಿತ್ತು. ಅದರಲ್ಲಿ ಎರಡು ಮುಳ್ಳು. ಒಂದು ಎಂದಿನಂತೆ ಏರಿ ಇಳಿಯುತ್ತದೆ. ಇನ್ನೊಂದು ಅದರ ಜೊತೆ ಏರುತ್ತದೆ, ಇಳಿಯುವುದಿಲ್ಲ. ಎಷ್ಟು ಮೇಲೆ ಹೋಗಿತ್ತೋ ಅಲ್ಲೇ ನಿಂತಿರುತ್ತದೆ. ಚಾಲಕ ವಾಪಸು ಬಂದು "ಕೆಂಪು ಗೆರೆ ಮುಟ್ಟೇ ಇಲ್ಲ" ಎಂದರೆ ಮೆಕ್ಯಾನಿಕ್ಕು ಆ ಚಾಡಿಕೋರ ಮುಳ್ಳನ್ನು ತೋರಿಸುತ್ತಿದ್ದ. ಟ್ಯಾಕೋಮೀಟರು ಎಷ್ಟೋ ಸಲ ಕಾವಲುಗಾರನ ಕೆಲಸಕ್ಕಿಂತ ಸಾಕ್ಷಿಯ ಕೆಲಸವನ್ನೇ ಚೆನ್ನಾಗಿ ಮಾಡಿದೆ ಎಂಬುದಕ್ಕೆ ಇದು ನಿದರ್ಶನ. ಗೇರು ತಪ್ಪಿ ನ್ಯೂಟ್ರಲಿಗೆ ಬಿದ್ದಾಗ ಸುತ್ತು ಕಣ್ಣು ಮಿಟುಕಿಸುವುದರೊಳಗೆ ಆಕಾಶಕ್ಕೆ ಏರುತ್ತದೆ. ಮುಳ್ಳು ನೋಡಿ, ಮಿದುಳು ತಿಳಿದು, ಮಣಿಕಟ್ಟು ತಿರುಗುವಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ.

ರೇಸಿನಿಂದ ರಸ್ತೆಗೆ ಬಂದರೆ, ನಮ್ಮಲ್ಲಿ ಈ ಮೀಟರಿನ ಅಗತ್ಯವನ್ನು ಕಲಿಸಿದ ಗಾಡಿ ಎಂದರೆ 1983ರಲ್ಲಿ ಎಸ್ಕಾರ್ಟ್ಸ್ ತಂದ ರಾಜದೂತ್ 350. ಯಮಹಾದ ಆರ್‌ಡಿ 350ರ ಭಾರತೀಯ ರೂಪ ಅದು. ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಆರು ಗೇರು, ಅಕ್ಕಪಕ್ಕದಲ್ಲಿ ಎರಡು ದೊಡ್ಡ ದುಂಡನೆಯ ಮೀಟರುಗಳು. ಬುಲೆಟ್ಟಿನಿಂದ ಇಳಿದು ಇದನ್ನು ಹತ್ತಿದವರಿಗೆ ಮೊದಮೊದಲು ಗೊಂದಲ. ಕೆಳಗಿನ ಸುತ್ತುಗಳಲ್ಲಿ ಸಾಧು ಹಸು. ಒಂದು ಹಂತ ದಾಟಿದೊಡನೆ ಹಗ್ಗ ಕಿತ್ತುಕೊಂಡ ಹೋರಿ. ಆ ಹಂತ ಎಲ್ಲಿದೆ ಎಂದು ಮುಳ್ಳು ತೋರಿಸುತ್ತಿತ್ತು.

ಎರಡೂ 350 ಸಿಸಿ ಗಾಡಿಗಳೇ, ಹಾಗಿದ್ದೂ ಒಂದಕ್ಕೆ ಮೀಟರು ಬೇಕು, ಇನ್ನೊಂದಕ್ಕೆ ಬೇಡ ಏಕೆ? ಚಿಕ್ಕ ಲೆಕ್ಕ ಮಾಡಿದರೆ ತಿಳಿಯುತ್ತದೆ. ಬುಲೆಟ್ಟಿನ ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಚಲಿಸುವ ದೂರ 90 ಮಿಲಿಮೀಟರು. ಆರ್‌ಡಿಯದು 54. ಪ್ರತಿ ಸುತ್ತಿಗೆ ಪಿಸ್ಟನ್ನು ಒಂದು ಸಲ ಇಳಿದು ಒಂದು ಸಲ ಏರಬೇಕು. ಬುಲೆಟ್ಟು 4,500 ಸುತ್ತಿನಲ್ಲಿರುವಾಗ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಹದಿಮೂರೂವರೆ ಮೀಟರು. ಆರ್‌ಡಿ 7,500 ಸುತ್ತಿನಲ್ಲಿರುವಾಗ ಅದರದೂ ಸರಿಯಾಗಿ ಅಷ್ಟೇ. ಪಿಸ್ಟನ್ನಿನ ವೇಗದ ಲೆಕ್ಕದಲ್ಲಿ ಎರಡೂ ಸಮ. ಆದರೆ ಬುಲೆಟ್ಟು ಆ ದಣಿವನ್ನು ಕೂಗಿ ಹೇಳುತ್ತದೆ. ಹಿಡಿಕೆ, ಕನ್ನಡಿ, ಕಾಲುಕಡ್ಡಿ, ಸವಾರನ ಹಲ್ಲು ಎಲ್ಲ ಅದುರುತ್ತವೆ. ಅದನ್ನೂ ಮೀರಿ ಓಡಿಸುವವನಿಗೆ ಮೀಟರು ಇಟ್ಟರೂ ಒಂದೇ ಬಿಟ್ಟರೂ ಒಂದೇ. ಎರಡು ಸಿಲಿಂಡರಿನ ಆರ್‌ಡಿ ಹಾಗೆ ಅದುರಿ ಎಚ್ಚರಿಸುವ ಜಾತಿಯದಲ್ಲ. ಅದು ಕೆಂಪು ಗೆರೆಯ ಕಡೆಗೆ ಹಾಡುತ್ತ ಹೋಗುತ್ತದೆ.

ರಾಯಲ್ ಎನ್‌ಫೀಲ್ಡ್ ಕಂಪನಿಯವರು ಇದನ್ನು ಚೆನ್ನಾಗಿ ಅರಿತಂತಿದೆ. ಅವರ ಕ್ಲಾಸಿಕ್ 350ಯಲ್ಲಿ ಟ್ಯಾಕೋಮೀಟರು ಇಲ್ಲ. 2018ರಲ್ಲಿ ಬಂದ ಎರಡು ಸಿಲಿಂಡರಿನ ಇಂಟರ್‌ಸೆಪ್ಟರ್ 650ಯಲ್ಲಿ ಇದೆ.

ಆದರೆ ಈ ಮೀಟರು ಹೇಳದೆ ಬಿಡುವ ಸಂಗತಿಗಳೂ ಇವೆ, ಅವನ್ನು ತಿಳಿಯದಿದ್ದರೆ ಅಂಕಿಯ ಮೇಲಿನ ನಂಬಿಕೆಯೇ ಮುಳುವಾಗುತ್ತದೆ. ಮುಳ್ಳು ಹೇಳುವುದು ಸುತ್ತಿನ ಸಂಖ್ಯೆಯನ್ನು ಮಾತ್ರ, ಹೊರೆಯನ್ನಲ್ಲ. ಸಮತಟ್ಟಾದ ರಸ್ತೆಯಲ್ಲಿ ಒಬ್ಬನೇ ಹೋಗುವಾಗಿನ 3,000 ಸುತ್ತೂ, ಹಿಂದೆ ಒಬ್ಬರನ್ನೂ ಟ್ಯಾಂಕಿನ ಮೇಲೆ ಅಕ್ಕಿಮೂಟೆಯನ್ನೂ ಇಟ್ಟುಕೊಂಡು ಆಗುಂಬೆಯ ತಿರುವು ಹತ್ತುವಾಗಿನ 3,000 ಸುತ್ತೂ ಅದಕ್ಕೆ ಒಂದೇ. ಎಂಜಿನ್ನಿಗೆ ಒಂದೇ ಅಲ್ಲ. ಇಳಿಜಾರಿನಲ್ಲಿ ಇನ್ನೂ ಸೂಕ್ಷ್ಮ. ಜಾವಾದಂಥ ಗಾಡಿಯಲ್ಲಿ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಿದ್ದರು. ಸಿಲಿಂಡರಿಗೆ ಜಿಡ್ಡು ಸಿಗಬೇಕಾದರೆ ಪೆಟ್ರೋಲು ಹೋಗಬೇಕು. ಚಾರ್ಮಾಡಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನ ಹಿಡಿತದಲ್ಲೇ ಗಾಡಿಯನ್ನು ಇಳಿಯಬಿಟ್ಟರೆ, ಎಂಜಿನ್ನು ಜೋರಾಗಿ ಸುತ್ತುತ್ತಿರುತ್ತದೆ, ಒಳಗೆ ಜಿಡ್ಡು ಆರುತ್ತಿರುತ್ತದೆ. ಪಿಸ್ಟನ್ನು ಹಿಡಿದುಕೊಂಡು ಎಂಜಿನ್ನು ಸೀಜ್ ಆಗುವುದು ಹೀಗೆ. ಅನುಭವಸ್ಥರು ಅದಕ್ಕೇ ಆಗಾಗ ಕ್ಲಚ್ಚು ಹಿಡಿದು ಒಂದೊಂದು ಸಲ ರೈಸ್ ಮಾಡುತ್ತ ಇಳಿಯುತ್ತಿದ್ದರು. ಅಲ್ಲಿ ಟ್ಯಾಕೋಮೀಟರು ಇದ್ದಿದ್ದರೆ ಅದು 'ಎಲ್ಲ ಕ್ಷೇಮ' ಎಂದೇ ತೋರಿಸುತ್ತಿತ್ತು.

ಇನ್ನೊಂದು ಬೆಲೆಯೂ ಇದೆ, ಕಣ್ಣಿನದು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗಿರುತ್ತದೆ. ಮೀಟರಿನ ಕಡೆ ಕಣ್ಣು ಇಳಿಸಿದ ಒಂದು ಸೆಕೆಂಡಿನಲ್ಲಿ ಅಷ್ಟು ರಸ್ತೆಯನ್ನು ಸವಾರ ನೋಡಿರುವುದಿಲ್ಲ. ಎದುರಿಗೆ ಎಮ್ಮೆ, ಹೇಳದೆ ಕೇಳದೆ ತಿರುಗುವ ಆಟೋ, ಬಣ್ಣ ಬಳಿಯದ ಹಂಪು ಇರುವ ಊರಿನಲ್ಲಿ ಹದಿನೇಳು ಮೀಟರು ಸಣ್ಣ ಸಾಲವಲ್ಲ. ಕಿವಿಯಿಂದ ಓಡಿಸುವವನಿಗೆ ಈ ಖರ್ಚಿಲ್ಲ.

ವಿಚಿತ್ರವೆಂದರೆ, ಟ್ಯಾಕೋಮೀಟರು ನಿಜವಾಗಿ ಬೇಕಾಗಿದ್ದ ಕಾಲದಲ್ಲಿ ಅದು ಕೆಲವೇ ಗಾಡಿಗಳಲ್ಲಿತ್ತು. ಈಗ ಎಷ್ಟೋ ಗಾಡಿಗಳಲ್ಲಿ ಇದೆ, ಆದರೆ ಅದರ ಮುಖ್ಯ ಕೆಲಸವನ್ನು ಬೇರೊಬ್ಬರು ವಹಿಸಿಕೊಂಡಿದ್ದಾರೆ. 2020ರ ಏಪ್ರಿಲ್ಲಿನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ನಮ್ಮ ಬಹುಪಾಲು ಗಾಡಿಗಳಲ್ಲಿ ಕಾರ್ಬ್ಯುರೇಟರು ಹೋಗಿ ಕಂಪ್ಯೂಟರು ಪೆಟ್ರೋಲು ಹನಿಸುತ್ತಿದೆ. ಸುತ್ತು ಮಿತಿ ಮುಟ್ಟಿದೊಡನೆ ಅದೇ ಪೆಟ್ರೋಲನ್ನೋ ಕಿಡಿಯನ್ನೋ ಕಡಿದುಹಾಕುತ್ತದೆ. ಸವಾರ ಎಷ್ಟೇ ತಿರುಚಲಿ, ಎಂಜಿನ್ನು ಮುಗ್ಗರಿಸುತ್ತದೆಯೇ ಹೊರತು ಮೇಲೆ ಹೋಗುವುದಿಲ್ಲ. ಒಂದೇ ಒಂದು ಸಂದರ್ಭದಲ್ಲಿ ಈ ಕಾವಲುಗಾರ ಸೋಲುತ್ತಾನೆ: ವೇಗವಾಗಿ ಹೋಗುತ್ತಿರುವಾಗ ತಪ್ಪಿ ತೀರ ಕೆಳಗಿನ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ, ಎಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ಚಕ್ರ. ಅದನ್ನು ಯಾವ ಕಂಪ್ಯೂಟರೂ ಕಡಿಯಲಾರದು. ಮೀಟರು ನೋಡಿ ತಪ್ಪಿಸಿಕೊಳ್ಳಲೂ ಆಗದು.

ಬೆಂಗಳೂರಿನ ರಸ್ತೆಗಳಲ್ಲಿ ಸದ್ದಿಲ್ಲದೆ ಹಾದುಹೋಗುವ ಬ್ಯಾಟರಿ ಸ್ಕೂಟರುಗಳಲ್ಲಂತೂ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಬದಲಿಸಲು ಗೇರಿಲ್ಲ. ಮೋಟಾರು ಎಷ್ಟು ಸುತ್ತುತ್ತದೋ ಚಕ್ರ ಅದಕ್ಕೆ ತಕ್ಕಷ್ಟೇ ಸುತ್ತುತ್ತದೆ.

ಪೆಟ್ರೋಲಿನ ಗಾಡಿಗೆ ಮರಳಿದರೆ, ದಿನವೂ ಕಚೇರಿಗೆ, ಸಂತೆಗೆ, ಗದ್ದೆಗೆ ಹೋಗಿಬರುವ ಸವಾರನಿಗೆ ಟ್ಯಾಕೋಮೀಟರು ಅಗತ್ಯವಲ್ಲ ಎಂದು ಧೈರ್ಯವಾಗಿ ಹೇಳಬಹುದು. ಹೊಸ ಗಾಡಿಯ ಮೊದಲ ಸಾವಿರ ಕಿಲೋಮೀಟರಿನಲ್ಲಿ ಎಂಜಿನ್ನು ಪಳಗುವವರೆಗೆ ಸುತ್ತಿನ ಮಿತಿ ಕಾಯಲು ಅದು ಸಹಾಯಕ. ಗೇರು ಕಲಿಯುತ್ತಿರುವವರಿಗೂ ಕಿವಿ ಪಳಗುವ ತನಕ ಉಪಯೋಗ. ಆಮೇಲೆ ಅದು ಮೆಲ್ಲಗೆ ಅಲಂಕಾರದ ಸಾಲಿಗೆ ಸೇರುತ್ತದೆ. ಅಲಂಕಾರದಲ್ಲಿ ತಪ್ಪೇನೂ ಇಲ್ಲ, ಅದಕ್ಕೆ ಅಗತ್ಯ ಎಂದು ಹೆಸರಿಡಬಾರದು ಅಷ್ಟೆ.

ಆದರೆ ಇಷ್ಟು ಹೊತ್ತಿನ ಮಾತೆಲ್ಲ ಒಂದು ಊಹೆಯ ಮೇಲೆ ನಿಂತಿದೆ: ಸವಾರನಿಗೆ ಕಿವಿ ಕೇಳಿಸುತ್ತದೆ ಎಂಬುದು. ಕೇಳಿಸದವರೂ ಗಾಡಿ ಓಡಿಸುತ್ತಾರೆ. ಬಹಳ ಕಾಲ ಅವರಿಗೆ ನಮ್ಮಲ್ಲಿ ಪರವಾನಗಿ ಸಿಗುತ್ತಿರಲಿಲ್ಲ. 2011ರಲ್ಲಿ ದೆಹಲಿ ಹೈಕೋರ್ಟು, ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಕಿವಿ ಕೇಳಿಸದವರಿಗೂ ಪರವಾನಗಿ ಕೊಡಬಹುದು ಎಂದಿತು. 2016ರಲ್ಲಿ ಕೇಂದ್ರದ ಸಾರಿಗೆ ಸಚಿವಾಲಯವೂ ಅದನ್ನು ರಾಜ್ಯಗಳಿಗೆ ಸ್ಪಷ್ಟಪಡಿಸಿತು. ಇಂಥ ಸವಾರನಿಗೆ ಜಾವಾದ ಶ್ರುತಿ ಇಲ್ಲ, ಬುಲೆಟ್ಟಿನ ತಾಳ ಅಂಗಾಲಿಗೆ ಮಾತ್ರ ತಿಳಿಯುತ್ತದೆ. ಈಗಿನ ಎಂಜಿನ್ನುಗಳಲ್ಲಿ ಕಂಪನವನ್ನು ನುಂಗಲು ಒಳಗೇ ತೂಕದ ಶಾಫ್ಟು ಇಡುತ್ತಾರೆ, ಹಿಡಿಕೆಗೆ ರಬ್ಬರು ಕಟ್ಟುತ್ತಾರೆ. ಎಂಜಿನ್ನು ನಯವಾದಷ್ಟೂ ಅವನ ಕೈಗೆ ಸಿಗುವ ಸುದ್ದಿ ಕಡಿಮೆ. ಗೇರು ಯಾವಾಗ ಬದಲಿಸಬೇಕು, ಎಂಜಿನ್ನು ನಿಂತಿದೆಯೋ ಓಡುತ್ತಿದೆಯೋ, ಎಲ್ಲದಕ್ಕೂ ಅವನಿಗೆ ಆ ಎರಡನೆಯ ಮುಳ್ಳೇ ಆಧಾರ. ವಯಸ್ಸಾಗಿ ಕಿವಿ ಮಂದವಾಗುತ್ತಿರುವ ಜಾವಾ ಕಾಲದ ಸವಾರರಿಗೂ ಈ ಮಾತು ಅಷ್ಟಿಷ್ಟು ಅನ್ವಯಿಸುತ್ತದೆ.

ಅವರ ದೃಷ್ಟಿಯಿಂದ ನೋಡಿದರೆ ಈಗಿನ ಎಷ್ಟೋ ಗಾಡಿಗಳ ಟ್ಯಾಕೋಮೀಟರು ದುಬಾರಿ ಬೊಂಬೆಯಂತೆ ಕಾಣುತ್ತದೆ. ಬೆರಳಗಲದ ಗಾಜಿನ ಮೇಲೆ ಸಣ್ಣ ಕಡ್ಡಿಗಳ ಸಾಲು. ಮಧ್ಯಾಹ್ನದ ಬಿಸಿಲಿಗೆ ಅದೂ ಕಾಣುವುದಿಲ್ಲ. ಮೀಟರು ಇಡುವುದೇ ಆದರೆ ಆ ಹಳೆಯ ರಾಜದೂತ್ 350ರಲ್ಲಿ ಇದ್ದಂತೆ ದೊಡ್ಡದಾಗಿ, ದುಂಡಗೆ, ದಪ್ಪ ಬಿಳಿಯ ಅಂಕಿಗಳಲ್ಲಿ, ಒಂದು ಓರೆನೋಟಕ್ಕೆ ಸಿಗುವಂತೆ ಇಡಬೇಕು.